ಪೆನ್‌ಡ್ರೈವ್‌ಗೆ ದೊಡ್ಡ ಫೈಲುಗಳ ನಕಲು: ಲಿನಕ್ಸ್‌ನಲ್ಲಿ ಸುರಕ್ಷಿತ ವಿಧಾನ

ಲಿನಕ್ಸ್ ಅಳವಡಿಸಿದ ಕಂಪ್ಯೂಟರಿನಿಂದ ಯುಎಸ್‌ಬಿ ಪೆನ್‌ಡ್ರೈವ್‌ಗೆ ಹಲವು ಜಿಬಿ ಗಾತ್ರದ ಫೈಲುಗಳನ್ನು ಒಂದು ಬೈಟೂ ಕೆಡದಂತೆ ದಾಟಿಸುವ ಕ್ರಮ. ಪರದೆಯ ಮೇಲೆ ನಕಲು ಮುಗಿಯಿತೆಂದು ಕಂಡ ಹೊತ್ತಿಗೆ ಮಾಹಿತಿಯ ಒಂದು ಭಾಗ ಇನ್ನೂ ಕಂಪ್ಯೂಟರಿನ ರ‍್ಯಾಮ್‌ನಲ್ಲೇ ಉಳಿದಿರಬಹುದು. ಆಗ ಪೆನ್‌ಡ್ರೈವ್ ಕಿತ್ತರೆ ಫೈಲು ಅರ್ಧಕ್ಕೇ ನಿಲ್ಲುತ್ತದೆ. ಎಷ್ಟೋ ಸಲ ಅದು ತಿಳಿಯುವುದು ಮೂಲವನ್ನು ಅಳಿಸಿದ ಮೇಲೆ. ಫೈಲ್ ಸಿಸ್ಟಂ ಆಯ್ಕೆ, ನಕಲು, ಬರಹ ಪೂರ್ಣವಾಗುವವರೆಗಿನ ಕಾಯುವಿಕೆ, ಅನ್‌ಮೌಂಟ್ (ಡ್ರೈವನ್ನು ವ್ಯವಸ್ಥೆಯಿಂದ ಬಿಡಿಸುವುದು), ಮರುಓದಿನ ತಾಳೆ - ಈ ಐದು ಹಂತಗಳು ಸೇರಿದರೆ ನಕಲು ಸುರಕ್ಷಿತ.

ಬಳಕೆಯ ನೆಲೆ

ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಹೋಬಳಿ ಕೇಂದ್ರವಾದ ಆನವಟ್ಟಿಯಂಥ ಊರಿನಲ್ಲಿ ದೊಡ್ಡ ಫೈಲುಗಳು ಹಲವು ಕಡೆಯಿಂದ ಹುಟ್ಟುತ್ತವೆ. ಮದುವೆಯ ವಿಡಿಯೊ, ಶಾಲೆಯ ಪಾಠದ ವಿಡಿಯೊ, ಲಿನಕ್ಸ್ ಅಳವಡಿಕೆಯ ಐಎಸ್‌ಒ ಫೈಲು ಇವೆಲ್ಲ ಸಾಮಾನ್ಯ. ಇವಕ್ಕಿಂತ ಹೆಚ್ಚಿನ ಜೋಪಾನ ಬೇಡುವುದು ಈ ಸೀಮೆಯ ಶಾಸನ ಸಂಪತ್ತಿನ ಚಿತ್ರಗಳು. ಆನವಟ್ಟಿಯ ಸಮೀಪದ ಕುಬಟೂರಿನಲ್ಲಿ ಕ್ರಿ.ಶ. ಸುಮಾರು 1100ರ ಕೈಟಭೇಶ್ವರ ದೇವಾಲಯವಿದೆ. ಪಕ್ಕದ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ಪ್ರಸಿದ್ಧ ಸ್ತಂಭಶಾಸನವಿದೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟ (1902) ಶಿಕಾರಿಪುರದ ಶಾಸನಗಳನ್ನೂ 8ನೆಯ ಸಂಪುಟ (1904) ಸೊರಬದ ಶಾಸನಗಳನ್ನೂ ಒಳಗೊಂಡಿವೆ.

ಇಂಥ ಸಾಮಗ್ರಿಯ ಗಾತ್ರವನ್ನು ಲೆಕ್ಕ ಹಾಕಿ ನೋಡಬಹುದು. ಎ4 ಅಳತೆಯ ಒಂದು ಪುಟವನ್ನು ಇಂಚಿಗೆ 300 ಚುಕ್ಕೆಗಳ ಸಾಂದ್ರತೆಯಲ್ಲಿ, 24 ಬಿಟ್ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಕುಗ್ಗಿಸದೆ ಇಟ್ಟರೆ ಸುಮಾರು 26 ಎಂಬಿ ಆಗುತ್ತದೆ. ಅಂಥ 400 ಪುಟಗಳ ಪುಸ್ತಕಕ್ಕೆ 10 ಜಿಬಿಗೂ ಹೆಚ್ಚು ಜಾಗ ಬೇಕು. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳಿಗೆ ಮಾಡುತ್ತಿರುವಂಥ ಮೂರು ಆಯಾಮದ ಸ್ಕ್ಯಾನ್‌ಗಳಲ್ಲಿ ಸಂಗ್ರಹದ ಗಾತ್ರ ಇನ್ನೂ ಬೇಗ ಬೆಳೆಯುತ್ತದೆ. ಇಂಟರ್ನೆಟ್ ನಿಧಾನವಾಗಿರುವ ಕಡೆ ಇಷ್ಟನ್ನು ಅಪ್‌ಲೋಡ್ ಮಾಡುವುದಕ್ಕಿಂತ ಪೆನ್‌ಡ್ರೈವ್‌ನಲ್ಲಿ ಒಯ್ಯುವುದೇ ಬೇಗ. ಹೀಗೆ ಒಯ್ಯುವಾಗ ನಡುವೆ ಹತ್ತು ಪುಟ ಕೆಟ್ಟರೆ ಅದು ಯಾರ ಗಮನಕ್ಕೂ ಬಾರದೆ ವರ್ಷಗಟ್ಟಲೆ ಉಳಿಯಬಹುದು.

ಶಾಲೆಗಳಲ್ಲಿ ಲಿನಕ್ಸ್ ಬಳಕೆಗೆ ಕನ್ನಡದ ಎರಡು ನೆಲೆಗಳು ಮುಖ್ಯ. ಕರ್ನಾಟಕದಲ್ಲಿ 2010ರ ದಶಕದಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ ವಿಷಯ ಶಿಕ್ಷಕರ ವೇದಿಕೆಯನ್ನು ನಡೆಸಿದವು. ಅಲ್ಲಿ ಉಬುಂಟು ಮತ್ತು ಮುಕ್ತ ತಂತ್ರಾಂಶಗಳ ತರಬೇತಿ ನಡೆಯಿತು; ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಜಾಲತಾಣವೂ ರೂಪುಗೊಂಡಿತು. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಪಠ್ಯಕ್ರಮದ ಭಾಗವಾಗಿಯೇ ಲಿನಕ್ಸ್ ಕಲಿಯುತ್ತಾರೆ. ಅಲ್ಲಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಉಬುಂಟು ಆಧಾರಿತವಾದ ಅದರ ಗ್ನು/ಲಿನಕ್ಸ್ ಆವೃತ್ತಿ ಶಾಲೆಗಳ ಕಂಪ್ಯೂಟರುಗಳಲ್ಲಿದೆ. ಹೀಗಾಗಿ ಪೆನ್‌ಡ್ರೈವ್ ತೆಗೆಯುವ ಸರಿಯಾದ ಕ್ರಮ ಹಳ್ಳಿಯ ಶಿಕ್ಷಕರಿಗೂ ಮಕ್ಕಳಿಗೂ ದಿನನಿತ್ಯ ಬೇಕಾದ ತಿಳಿವಳಿಕೆ.

ಪೆನ್‌ಡ್ರೈವ್‌ನ ಒಳಗು

ಪೆನ್‌ಡ್ರೈವ್‌ಗಳು ಮಾರುಕಟ್ಟೆಗೆ ಬಂದದ್ದು 2000ದಲ್ಲಿ. ಸಿಂಗಪುರದ ಟ್ರೆಕ್ ಕಂಪನಿಯ ಥಂಬ್‌ಡ್ರೈವ್ ಹಾಗೂ ಇಸ್ರೇಲಿನ ಎಂ-ಸಿಸ್ಟಮ್ಸ್ ತಯಾರಿಸಿ ಐಬಿಎಂ ಮಾರಿದ ಡಿಸ್ಕ್‌ಆನ್‌ಕೀ ಮೊದಲಿಗವು. ಐಬಿಎಂ ಮಾರಿದ ಆ ಡ್ರೈವ್‌ನ ಸಾಮರ್ಥ್ಯ 8 ಎಂಬಿ ಮಾತ್ರ. ಇವುಗಳ ಒಳಗಿರುವುದು ನ್ಯಾಂಡ್ ಫ್ಲಾಶ್ ಚಿಪ್. ತೋಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುಒಕ ಮತ್ತು ಸಂಗಡಿಗರು ನ್ಯಾಂಡ್ ಫ್ಲಾಶನ್ನು 1987ರಲ್ಲಿ ಲೋಕದ ಮುಂದಿಟ್ಟರು.

ನ್ಯಾಂಡ್ ಫ್ಲಾಶ್‌ನಲ್ಲಿ ಬರೆಯುವ ಘಟಕ ಚಿಕ್ಕದು, ಅಳಿಸುವ ಘಟಕ ದೊಡ್ಡದು. ಬರಹ ಕೆಲವು ಕೆಬಿಗಳ ಪುಟಗಳಲ್ಲಿ ನಡೆಯುತ್ತದೆ. ಅಳಿಸುವುದಾದರೆ ಅಂಥ ನೂರಾರು ಪುಟಗಳ ಬ್ಲಾಕನ್ನೇ ಅಳಿಸಬೇಕು. ಒಮ್ಮೆ ಬರೆದ ಪುಟದ ಮೇಲೆ ಅಳಿಸದೆ ಮತ್ತೆ ಬರೆಯಲಾಗದು. ಆದ್ದರಿಂದ ಡ್ರೈವ್‌ನ ಒಳಗಿನ ಕಂಟ್ರೋಲರ್ ಮಾಹಿತಿಯನ್ನು ಸದಾ ಹೊಸ ಜಾಗಕ್ಕೆ ಬರೆದು, ಯಾವುದು ಎಲ್ಲಿದೆ ಎಂಬ ಪಟ್ಟಿಯನ್ನು ತಿದ್ದುತ್ತಿರುತ್ತದೆ. ಬರಹದ ನಡುವೆ ವಿದ್ಯುತ್ ತಪ್ಪಿದರೆ ಈ ಪಟ್ಟಿಗೇ ಪೆಟ್ಟಾಗಬಹುದು. ಆಗ ಆ ಕ್ಷಣ ಬರೆಯುತ್ತಿದ್ದ ಫೈಲಿನ ಜೊತೆಗೆ ಮೊದಲಿನಿಂದ ಇದ್ದ ಫೈಲುಗಳೂ ಕೈತಪ್ಪಬಹುದು. ಕೆಲವೊಮ್ಮೆ ಡ್ರೈವೇ ಕಾಣಿಸದಂತಾಗುತ್ತದೆ.

ವೇಗದ ಏರಿಳಿತಕ್ಕೂ ಕಾರಣ ಇಲ್ಲೇ ಇದೆ. 2000ದ ಯುಎಸ್‌ಬಿ 2.0 ಸೆಕೆಂಡಿಗೆ 480 ಮೆಗಾಬಿಟ್, 2008ರ ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ವೇಗ ಸೂಚಿಸುತ್ತವೆ. ಅದು ತಂತಿಯ ಸಾಮರ್ಥ್ಯ. ಚಿಪ್‌ನ ಬರಹದ ವೇಗ ಬೇರೆ. ಒಂದು ಕೋಶದಲ್ಲಿ ಮೂರು ಅಥವಾ ನಾಲ್ಕು ಬಿಟ್ ಇಡುವ ಅಗ್ಗದ ಚಿಪ್‌ಗಳು ಮೊದಮೊದಲು ಚುರುಕಾಗಿ ಬರೆದು, ವೇಗದ ತಾತ್ಕಾಲಿಕ ಜಾಗ ತುಂಬಿದೊಡನೆ ಸೆಕೆಂಡಿಗೆ 10 ಎಂಬಿಗೂ ಕೆಳಗಿಳಿಯುವುದುಂಟು. ಪೊಟ್ಟಣದ ಮೇಲೆ ಅಚ್ಚಾದ ವೇಗ ಸಾಮಾನ್ಯವಾಗಿ ಓದಿನದು, ಬರಹದ್ದಲ್ಲ.

ರ‍್ಯಾಮ್‌ನಲ್ಲಿ ಉಳಿಯುವ ಬಾಕಿ

ನಕಲು ಮಾಡುವ ತಂತ್ರಾಂಶ ಬರೆದದ್ದನ್ನು ಲಿನಕ್ಸ್‌ನ ತಿರುಳಾದ ಕರ್ನಲ್ ನೇರವಾಗಿ ಪೆನ್‌ಡ್ರೈವ್‌ಗೆ ಕಳಿಸುವುದಿಲ್ಲ. ಮೊದಲು ರ‍್ಯಾಮ್‌ನ ಪೇಜ್ ಕ್ಯಾಶ್‌ನಲ್ಲಿ ಇಟ್ಟುಕೊಂಡು, ಬರೆದಾಯಿತೆಂದು ತಂತ್ರಾಂಶಕ್ಕೆ ಉತ್ತರಿಸುತ್ತದೆ. ಆಮೇಲೆ ಬಿಡುವು ನೋಡಿ ಡ್ರೈವ್‌ಗೆ ದಾಟಿಸುತ್ತದೆ. ಕಾಗದವನ್ನು ಅಂಚೆ ಡಬ್ಬಿಗೆ ಹಾಕುವುದಕ್ಕೂ ಅದು ವಿಳಾಸದಾರರ ಕೈ ಸೇರುವುದಕ್ಕೂ ಇರುವಷ್ಟು ಅಂತರ ಇಲ್ಲಿದೆ. ಹೀಗೆ ದಾಟಲು ಬಾಕಿಯಿರುವ ಭಾಗಕ್ಕೆ ಡರ್ಟಿ ಪೇಜ್ ಎಂದು ಹೆಸರು.

ಬಾಕಿ ಎಷ್ಟಿರಬಹುದೆಂಬುದಕ್ಕೆ ಕರ್ನಲ್‌ನಲ್ಲಿ ಮಿತಿಗಳಿವೆ. ರೂಢಿಯ ಹೊಂದಿಕೆಯಲ್ಲಿ, ಲಭ್ಯ ಮೆಮೊರಿಯ ಶೇ. 10ರಷ್ಟು ಬಾಕಿಯಾದಾಗ ಹಿನ್ನೆಲೆಯ ಬರಹ ಶುರುವಾಗುತ್ತದೆ, ಶೇ. 20 ಮುಟ್ಟಿದರೆ ನಕಲು ತಂತ್ರಾಂಶವನ್ನೇ ತಡೆದು ನಿಲ್ಲಿಸಲಾಗುತ್ತದೆ. 30 ಸೆಕೆಂಡಿಗಿಂತ ಹಳೆಯದಾದ ಬಾಕಿಯನ್ನೂ ಕರ್ನಲ್ ಬರೆಯಲು ತೊಡಗುತ್ತದೆ. ಲಭ್ಯ ಮೆಮೊರಿ 6 ಜಿಬಿ ಇದ್ದರೆ ಬಾಕಿಯ ಮೇಲ್ಮಿತಿ ಸುಮಾರು 1.2 ಜಿಬಿ. ಸೆಕೆಂಡಿಗೆ 10 ಎಂಬಿ ಬರೆಯುವ ಪೆನ್‌ಡ್ರೈವ್‌ಗೆ ಅಷ್ಟನ್ನು ತೀರಿಸಲು ಎರಡು ನಿಮಿಷ ಬೇಕು. ನಕಲಿನ ಪ್ರಗತಿಪಟ್ಟಿ ಮೊದಲು ಸರ್ರನೆ ಓಡಿ ನಡುವೆ ನಿಂತುಬಿಡುವುದು, ಶೇ. 100 ತೋರಿಸಿದ ಮೇಲೂ ಡ್ರೈವ್‌ನ ದೀಪ ಮಿನುಗುತ್ತಿರುವುದು ಈ ಕಾರಣಕ್ಕೇ.

ಈ ನಡವಳಿಕೆ 2013ರಲ್ಲಿ ಕರ್ನಲ್ ಅಭಿವೃದ್ಧಿಗಾರರ ನಡುವೆ ದೊಡ್ಡ ಚರ್ಚೆಯಾಯಿತು. 16 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ನಿಧಾನದ ಪೆನ್‌ಡ್ರೈವ್‌ಗೆ ಬರೆಯುವಾಗ ಬಾಕಿ ಗಿಗಾಬೈಟುಗಟ್ಟಲೆ ಬೆಳೆದು ಇಡೀ ಕಂಪ್ಯೂಟರ್ ತೊಡರುತ್ತಿತ್ತು. ಶೇಕಡಾವಾರು ಮಿತಿ ರ‍್ಯಾಮ್ ಮೆಗಾಬೈಟುಗಳಲ್ಲಿದ್ದ ಕಾಲಕ್ಕೆ ಹೊಂದುವಂಥದು ಎಂದು ಲಿನಸ್ ಟೋರ್ವಾಲ್ಡ್ಸ್ ಒಪ್ಪಿಕೊಂಡರು. ಹಿನ್ನೆಲೆಯ ಬರಹ ಇತರ ಕೆಲಸವನ್ನು ಉಸಿರುಗಟ್ಟಿಸದಂತೆ ತಡೆಯುವ ಏರ್ಪಾಡು 2017ರ 4.10 ಆವೃತ್ತಿಯಲ್ಲಿ ಬಂತು. ಒಂದೊಂದು ಡ್ರೈವ್‌ಗೂ ಬೈಟ್ ಲೆಕ್ಕದಲ್ಲಿ ಪ್ರತ್ಯೇಕ ಮಿತಿ ಹಾಕುವ ಅವಕಾಶ 2023ರ 6.2 ಆವೃತ್ತಿಯಲ್ಲಿ ಸೇರಿತು.

ಅಡ್ಮಿನ್ ಅಧಿಕಾರವಿದ್ದವರು ಶೇಕಡಾವಾರು ಮಿತಿಯ ಬದಲು ಬೈಟ್ ಮಿತಿ ಹಾಕಿಕೊಳ್ಳಬಹುದು: ಮೇಲ್ಮಿತಿ 64 ಎಂಬಿ, ಹಿನ್ನೆಲೆ ಬರಹದ ಮಿತಿ 16 ಎಂಬಿ ಎಂಬಂತೆ. ಆಗ ನಕಲಿನ ಪ್ರಗತಿಪಟ್ಟಿ ತೋರಿಸುವುದು ಹೆಚ್ಚುಕಡಿಮೆ ನಿಜ ವೇಗವನ್ನೇ. ಈ ಹೊಂದಿಕೆ ಇಡೀ ಯಂತ್ರಕ್ಕೆ ಅನ್ವಯಿಸುವುದರಿಂದ ಒಳಗಿನ ಡಿಸ್ಕಿನ ಕೆಲಸವೂ ನಿಧಾನವಾಗಬಹುದು. ದೊಡ್ಡ ನಕಲಿನ ಹೊತ್ತಿಗಷ್ಟೇ ಬಳಸುವುದು ಲೇಸು.

ಫೈಲ್ ಸಿಸ್ಟಂ ಆಯ್ಕೆ

ಫ್ಯಾಟ್32 ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರಿನಲ್ಲೂ ಟಿವಿಯಲ್ಲೂ ತೆರೆಯುತ್ತದೆ, ಆದರೆ ಅದರಲ್ಲಿ ಒಂದು ಫೈಲು 4,29,49,67,295 ಬೈಟುಗಳನ್ನು ಮೀರುವಂತಿಲ್ಲ. ಅಂದರೆ 4 ಜಿಬಿಗೆ ಒಂದು ಬೈಟ್ ಕಡಿಮೆ. ಡ್ರೈವ್‌ನಲ್ಲಿ 50 ಜಿಬಿ ಜಾಗ ಖಾಲಿಯಿದ್ದರೂ 5 ಜಿಬಿಗೂ ದೊಡ್ಡದಾದ ಉಬುಂಟು 24.04ರ ಐಎಸ್‌ಒ ಅದರಲ್ಲಿ ಕೂರದು. ಡ್ರೈವನ್ನು ಬದಲಿಸಲಾಗದಿದ್ದರೆ ‘ಸ್ಪ್ಲಿಟ್’ ಆದೇಶದಿಂದ ಫೈಲನ್ನು 2 ಜಿಬಿ ತುಂಡುಗಳಾಗಿ ಒಡೆದು, ಆಚೆ ಕಡೆ ‘ಕ್ಯಾಟ್’ ಆದೇಶದಿಂದ ಜೋಡಿಸಬೇಕು.

ಮೈಕ್ರೋಸಾಫ್ಟ್ 2006ರಲ್ಲಿ ತಂದ ಎಕ್ಸ್‌ಫ್ಯಾಟ್‌ಗೆ ಈ ಮಿತಿಯಿಲ್ಲ. ಅದರ ವಿವರಣೆಯನ್ನು ಕಂಪನಿ 2019ರ ಆಗಸ್ಟ್‌ನಲ್ಲಿ ಬಹಿರಂಗಗೊಳಿಸಿತು. ಸ್ಯಾಮ್‌ಸಂಗ್ ಬರೆದ ಚಾಲಕ 2020ರ 5.7 ಕರ್ನಲ್‌ನಲ್ಲಿ ಸೇರಿತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರ ನಡುವೆ ಓಡಾಡುವ ಡ್ರೈವ್‌ಗೆ ಇಂದು ಇದೇ ಅನುಕೂಲ. ಆದರೆ ಎಕ್ಸ್‌ಫ್ಯಾಟ್‌ಗೂ ಫ್ಯಾಟ್32ಕ್ಕೂ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಇಲ್ಲ. ನಡುವೆ ಕಿತ್ತರೆ ಕಡತಪಟ್ಟಿಯೇ ಕೆಡಬಹುದು. ಲಿನಕ್ಸ್ ಯಂತ್ರಗಳ ನಡುವೆ ಮಾತ್ರ ಓಡಾಡುವುದಾದರೆ 2008ರ ಎಕ್ಸ್‌ಟಿ4 ಗಟ್ಟಿ. ಅದರ ಜರ್ನಲ್ ಫೈಲ್ ಸಿಸ್ಟಂನ ರಚನೆಯನ್ನು ಕಾಯುತ್ತದೆ. ರ‍್ಯಾಮ್‌ನಲ್ಲೇ ಉಳಿದ ಬಾಕಿಯನ್ನು ಮರಳಿ ಕೊಡದು. ಬಳಕೆದಾರರ ಅನುಮತಿಗಳೂ ಅದರಲ್ಲಿ ದಾಖಲಾಗುವುದರಿಂದ ಬೇರೆ ಯಂತ್ರದಲ್ಲಿ ಬರೆಯಲು ಅಡ್ಡಿ ಬರುವುದುಂಟು. ಎನ್‌ಟಿಎಫ್‌ಎಸ್‌ಗೆ 2021ರ 5.15 ಕರ್ನಲ್‌ನಿಂದ ಪ್ಯಾರಗಾನ್ ಕಂಪನಿಯ ಚಾಲಕವಿದೆ.

ಕನ್ನಡದ ಫೈಲ್ ಹೆಸರುಗಳಿಗೆ ಇನ್ನೊಂದು ತೊಡಕಿದೆ. ಎಕ್ಸ್‌ಟಿ4ನಲ್ಲಿ ಹೆಸರಿನ ಮಿತಿ 255 ಬೈಟು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು; ಸ್ವರಚಿಹ್ನೆ, ವಿರಾಮ, ವ್ಯಂಜನ ಎಲ್ಲವೂ ಬೇರೆಬೇರೆ ಸಂಕೇತಗಳು. ‘ಆನವಟ್ಟಿ’ ಎಂಬ ಹೆಸರಿನಲ್ಲಿ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ಒಳಗಿರುವುದು 7 ಸಂಕೇತ, 21 ಬೈಟು. ಹೀಗಾಗಿ ಎಕ್ಸ್‌ಟಿ4ನಲ್ಲಿ ಕನ್ನಡದ ಹೆಸರಿಗೆ 85 ಸಂಕೇತಗಳಷ್ಟೇ ಜಾಗ. ಫ್ಯಾಟ್32ರ ಉದ್ದ ಹೆಸರು, ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್‌ಗಳಲ್ಲಿ ಇದೇ ಹೆಸರಿಗೆ 255 ಸಂಕೇತಗಳವರೆಗೆ ಅವಕಾಶವಿದೆ. ಆದ್ದರಿಂದ ವಿಂಡೋಸ್‌ನಲ್ಲಿ ಶಾಸನದ ಸ್ಥಳ, ಕಾಲ, ಅರಸನ ಹೆಸರು ಎಲ್ಲವನ್ನೂ ಸೇರಿಸಿ ಉದ್ದಕ್ಕೆ ಹೆಸರಿಟ್ಟ ಫೈಲು ಲಿನಕ್ಸ್ ಡಿಸ್ಕಿಗೆ ಬಾರದೆ, ಹೆಸರು ಬಹಳ ಉದ್ದವಾಯಿತೆಂಬ ದೋಷಸೂಚನೆ ಬರುತ್ತದೆ. ಚಿಕ್ಕ ಹೆಸರಿಟ್ಟು, ವಿವರಗಳನ್ನು ಪ್ರತ್ಯೇಕ ಪಟ್ಟಿಯಲ್ಲಿ ಬರೆದಿಡುವುದು ಸರಿಯಾದ ರೂಢಿ.

ನಕಲಿನ ವಿಧಾನಗಳು

ಫೈಲ್ ಮ್ಯಾನೇಜರಿನಲ್ಲಿ ಎಳೆದು ಬಿಡುವುದು ಸಾಮಾನ್ಯ ಬಳಕೆಗೆ ಸಾಕು, ಕೊನೆಯ ಹಂತ ತಪ್ಪದಿದ್ದರೆ. ನೂರಾರು ಫೈಲುಗಳಿರುವ ಫೋಲ್ಡರಿಗೆ ‘ಆರ್‌ಸಿಂಕ್’ ಉತ್ತಮ. ನಡುವೆ ಕರೆಂಟ್ ಹೋದರೆ ಮತ್ತೆ ಅದೇ ಆದೇಶ ಕೊಟ್ಟಾಗ, ಗಾತ್ರವೂ ಸಮಯವೂ ಹೊಂದುವ ಫೈಲುಗಳನ್ನು ಬಿಟ್ಟು ಉಳಿದವನ್ನು ಮಾತ್ರ ಕಳಿಸುತ್ತದೆ. ಮಳೆಗಾಲದಲ್ಲಿ ಕರೆಂಟ್ ನೆಚ್ಚಲಾಗದ ಮಲೆನಾಡಿನ ಅಂಚಿನ ಊರುಗಳಿಗೆ ಇದು ದೊಡ್ಡ ಅನುಕೂಲ. ಪ್ರತಿ ಫೈಲನ್ನೂ ಡ್ರೈವ್‌ಗೆ ಮುಟ್ಟಿಸಿಯೇ ಮುಂದೆ ಹೋಗುವ ಎಫ್‌ಸಿಂಕ್ ಆಯ್ಕೆ ಆರ್‌ಸಿಂಕ್‌ನ 3.2.4 ಆವೃತ್ತಿಯಿಂದ (2022) ಇದೆ.

ಐಎಸ್‌ಒ ಫೈಲಿನಿಂದ ಅಳವಡಿಕೆಯ ಡ್ರೈವ್ ಮಾಡುವಾಗ ಬಳಸುವ ‘ಡಿಡಿ’ ಆದೇಶಕ್ಕೆ ಅತಿ ಎಚ್ಚರ ಬೇಕು. ಅದು ಫೈಲ್ ಸಿಸ್ಟಮನ್ನು ಲೆಕ್ಕಿಸದೆ ಡ್ರೈವ್‌ನ ಮೊದಲ ಬೈಟಿನಿಂದ ಬರೆಯುತ್ತದೆ. ಒಂದು ಅಕ್ಷರ ತಪ್ಪಿದರೆ ಒಳಗಿನ ಹಾರ್ಡ್‌ಡಿಸ್ಕೇ ಅಳಿಸಿಹೋಗಬಹುದು. ‘ಎಲ್‌ಎಸ್‌ಬಿಎಲ್‌ಕೆ’ ಆದೇಶವನ್ನು ಪೆನ್‌ಡ್ರೈವ್ ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ಕೊಟ್ಟು, ಹೊಸದಾಗಿ ಕಂಡ ಸಾಧನದ ಹೆಸರು, ಗಾತ್ರ, ಮಾದರಿ ಮೂರನ್ನೂ ಹೊಂದಿಸಿ ನೋಡಬೇಕು. ಕ್ಯಾಶ್ ದಾಟಿ ನೇರವಾಗಿ ಬರೆಯುವ ‘ಡೈರೆಕ್ಟ್’, ಮುಗಿದ ಮೇಲೆ ಬಾಕಿ ತೀರಿಸುವ ‘ಎಫ್‌ಸಿಂಕ್’, ನಿಜ ವೇಗ ತೋರಿಸುವ ‘ಪ್ರೋಗ್ರೆಸ್’ ಆಯ್ಕೆಗಳನ್ನು ಡಿಡಿಯೊಡನೆ ಕೊಡುವುದು ಹಿತ.

ಡ್ರೈವನ್ನು ‘ಸಿಂಕ್’ ಆಯ್ಕೆಯಲ್ಲಿ ಮೌಂಟ್ ಮಾಡಿ ಪ್ರತಿ ಬರಹವನ್ನೂ ಕೂಡಲೇ ಡ್ರೈವ್‌ಗೆ ಕಳಿಸುವ ದಾರಿಯೂ ಉಂಟು. ಕಡತಪಟ್ಟಿಯ ಅದೇ ಜಾಗವನ್ನು ಮತ್ತೆಮತ್ತೆ ಬರೆಯಬೇಕಾಗುವುದರಿಂದ ಇದು ಬಹಳ ನಿಧಾನ. ಫ್ಲಾಶ್‌ನ ಆಯುಷ್ಯ ಕುಗ್ಗಬಹುದೆಂದು ಮೌಂಟ್‌ನ ಕೈಪಿಡಿಯೇ ಎಚ್ಚರಿಸುತ್ತದೆ.

ಬಾಕಿ ತೀರಿಸಿ ಕೀಳುವುದು

ನಕಲು ಮುಗಿದ ಮೇಲೆ ಟರ್ಮಿನಲ್‌ನಲ್ಲಿ ‘ಸಿಂಕ್’ ಎಂದು ಕೊಟ್ಟರೆ ಲಿನಕ್ಸ್ ಎಲ್ಲ ಬಾಕಿಯನ್ನು ಬರೆದು ಮುಗಿಸಿದ ನಂತರವೇ ಮತ್ತೆ ಪ್ರಾಂಪ್ಟ್ ಕೊಡುತ್ತದೆ. ಪ್ರಾಕ್ ಫೋಲ್ಡರಿನ ಮೆಮ್‌ಇನ್ಫೊ ಫೈಲಿನಲ್ಲಿ ಡರ್ಟಿ, ರೈಟ್‌ಬ್ಯಾಕ್ ಎಂಬ ಎರಡು ಸಾಲುಗಳನ್ನು ನೋಡುತ್ತಿದ್ದರೆ ಬಾಕಿ ಕರಗುವುದು ಅಂಕಿಗಳಲ್ಲೇ ಕಾಣುತ್ತದೆ.

ಆಮೇಲಿನದು ಅನ್‌ಮೌಂಟ್. ಡೆಸ್ಕ್‌ಟಾಪಿನಲ್ಲಿ ಡ್ರೈವ್‌ನ ಹೆಸರಿನ ಪಕ್ಕದ ಇಜೆಕ್ಟ್ ಗುರುತನ್ನು ಒತ್ತಿ, ಡ್ರೈವ್ ತೆಗೆಯಬಹುದೆಂಬ ಸಂದೇಶ ಬರುವವರೆಗೆ ಕಾಯಬೇಕು. ಟರ್ಮಿನಲ್‌ನಲ್ಲಾದರೆ ‘ಯುಡಿಸ್ಕ್ಸ್‌ಸಿಟಿಎಲ್’ ಮೂಲಕ ಮೊದಲು ಅನ್‌ಮೌಂಟ್, ನಂತರ ಪವರ್-ಆಫ್. ಅನ್‌ಮೌಂಟ್‌ನಿಂದ ಕರ್ನಲ್‌ನ ಬಾಕಿ ತೀರುತ್ತದೆ. ಪವರ್-ಆಫ್ ಡ್ರೈವ್‌ನ ಒಳಗಿನ ಕ್ಯಾಶನ್ನೂ ಬರೆಯಲು ಹೇಳಿ ಆಮೇಲೆ ಸಂಪರ್ಕ ಕಳಚುತ್ತದೆ. ದೀಪ ಆರಿದ್ದನ್ನು ಮಾತ್ರ ನಂಬಿ ಕೀಳಬಾರದು.

ಡ್ರೈವ್ ಬಳಕೆಯಲ್ಲಿದೆ ಎಂಬ ತಕರಾರು ಬಂದರೆ ಯಾವುದೋ ಕಿಟಕಿ ಅಥವಾ ಟರ್ಮಿನಲ್ ಆ ಫೋಲ್ಡರಿನಲ್ಲಿ ತೆರೆದಿದೆ ಎಂದರ್ಥ. ‘ಎಲ್‌ಎಸ್‌ಒಎಫ್’ ಆದೇಶ ಅದನ್ನು ತೋರಿಸುತ್ತದೆ. ಮುಚ್ಚಿ ಮತ್ತೆ ಪ್ರಯತ್ನಿಸಬೇಕು. ‘ಲೇಜಿ’ ಅನ್‌ಮೌಂಟ್ ಆಯ್ಕೆ ಡ್ರೈವನ್ನು ಪಟ್ಟಿಯಿಂದ ಮರೆಮಾಡುತ್ತದೆಯೇ ಹೊರತು ಬಾಕಿ ತೀರುವವರೆಗೆ ಕಾಯಿಸುವುದಿಲ್ಲ. ಇಲ್ಲಿ ಅದನ್ನು ಬಳಸಲೇಬಾರದು.

ತಾಳೆ

ಬೆಲೆಯುಳ್ಳ ಸಾಮಗ್ರಿಗೆ ಅನ್‌ಮೌಂಟ್ ಆದರೆ ಸಾಲದು, ಡ್ರೈವ್‌ನಲ್ಲಿ ಏನಿದೆ ಎಂದು ಓದಿ ನೋಡಬೇಕು. ‘ಎಸ್‌ಎಚ್‌ಎ256ಸಮ್’ ಆದೇಶ ಫೈಲಿನ ಪ್ರತಿ ಬೈಟನ್ನೂ ಓದಿ 64 ಚಿಹ್ನೆಗಳ ಒಂದು ಸಾಲು ಕೊಡುತ್ತದೆ. ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಸಾಲು ಬೇರೆಯಾಗುತ್ತದೆ. ನಕಲಿಗೆ ಮೊದಲೇ ಮೂಲ ಫೋಲ್ಡರಿನ ಎಲ್ಲ ಫೈಲುಗಳ ಸಾಲುಗಳನ್ನು ಒಂದು ಪಟ್ಟಿಯಲ್ಲಿ ಬರೆಸಿ, ಆ ಪಟ್ಟಿಯನ್ನೂ ಡ್ರೈವ್‌ಗೆ ಹಾಕಬೇಕು. ಆಮೇಲೆ ಅದೇ ಆದೇಶಕ್ಕೆ ತಾಳೆಯ ಆಯ್ಕೆ ಕೊಟ್ಟರೆ ಕೆಟ್ಟ ಫೈಲುಗಳ ಹೆಸರು ಹೊರಬೀಳುತ್ತದೆ. ಪಟ್ಟಿ ಜೊತೆಗೇ ಹೋಗುವುದರಿಂದ ಆಚೆ ಊರಿನಲ್ಲಿ ಡ್ರೈವ್ ಪಡೆದವರೂ ತಾಳೆ ನೋಡಬಹುದು.

ತಾಳೆಗೆ ಮುನ್ನ ಡ್ರೈವನ್ನು ಅನ್‌ಮೌಂಟ್ ಮಾಡಿ, ಕಿತ್ತು, ಮತ್ತೆ ಹಾಕುವುದು ಕಡ್ಡಾಯ. ಹಾಗೆ ಮಾಡದಿದ್ದರೆ ಕರ್ನಲ್ ರ‍್ಯಾಮ್‌ನಲ್ಲಿ ಉಳಿದ ಪ್ರತಿಯನ್ನೇ ಓದಿ ಎಲ್ಲ ಸರಿಯಿದೆ ಎನ್ನುತ್ತದೆ. ಡ್ರೈವ್‌ನಲ್ಲಿ ಕೆಟ್ಟದ್ದು ಗೊತ್ತೇ ಆಗುವುದಿಲ್ಲ. 10 ಜಿಬಿಯ ತಾಳೆಗೆ ಸೆಕೆಂಡಿಗೆ 30 ಎಂಬಿ ಓದುವ ಡ್ರೈವ್‌ನಲ್ಲಿ ಆರು ನಿಮಿಷದ ಒಳಗೆ ಕೆಲಸ ಮುಗಿಯುತ್ತದೆ.

ದೋಷಗಳು ಮತ್ತು ಪರಿಹಾರ

ಸರಿಯಾಗಿ ಅನ್‌ಮೌಂಟ್ ಆಗದ ಫ್ಯಾಟ್ ಡ್ರೈವನ್ನು ಮತ್ತೆ ಹಾಕಿದಾಗ ಕರ್ನಲ್‌ನ ದಾಖಲೆಯಲ್ಲಿ ಎಚ್ಚರಿಕೆ ಬೀಳುತ್ತದೆ. ‘ಡಿಎಂಇಎಸ್‌ಜಿ’ ಆದೇಶದಿಂದ ಅದನ್ನು ಓದಬಹುದು. ಅಂಥ ಡ್ರೈವ್‌ಗೆ ಹೊಸದಾಗಿ ಬರೆಯದೆ, ಮೊದಲು ಒಳಗಿರುವುದನ್ನು ಹೊರತೆಗೆದು, ಆಮೇಲೆ ಅನ್‌ಮೌಂಟ್ ಸ್ಥಿತಿಯಲ್ಲಿ ಫೈಲ್ ಸಿಸ್ಟಂ ದುರಸ್ತಿಯ ‘ಎಫ್‌ಎಸ್‌ಸಿಕೆ’ ಆದೇಶ ನಡೆಸಬೇಕು. ಯುಎಸ್‌ಬಿ ರಿಸೆಟ್ ಎಂಬ ಸಾಲು ಪದೇ ಪದೇ ಕಂಡರೆ ಸಡಿಲ ಪೋರ್ಟ್, ಉದ್ದದ ಕೇಬಲ್ ಅಥವಾ ಶಕ್ತಿ ಸಾಲದ ಹಬ್ ಕಾರಣವಿರಬಹುದು. ಕಂಪ್ಯೂಟರಿನ ಹಿಂಬದಿಯ ಪೋರ್ಟಿಗೆ ನೇರವಾಗಿ ಹಾಕಿ ನೋಡಬೇಕು.

ಇರುವುದಕ್ಕಿಂತ ಹೆಚ್ಚಿನ ಸಾಮರ್ಥ್ಯ ತೋರಿಸುವ ನಕಲಿ ಡ್ರೈವ್‌ಗಳು ಇನ್ನೊಂದು ಅಪಾಯ. ಅವು ನಿಜ ಸಾಮರ್ಥ್ಯ ಮುಗಿದ ಮೇಲೂ ಬರೆಯುತ್ತಿರುವಂತೆ ನಟಿಸುತ್ತವೆ. ಹೆಸರುಗಳು ಪಟ್ಟಿಯಲ್ಲಿ ಕಾಣುತ್ತವೆ, ಒಳಗಿನ ಮಾಹಿತಿ ಇರುವುದಿಲ್ಲ. ‘ಎಫ್3’ ಎಂಬ ಮುಕ್ತ ತಂತ್ರಾಂಶ ಖಾಲಿ ಜಾಗವನ್ನೆಲ್ಲ ಪರೀಕ್ಷಾ ಮಾಹಿತಿಯಿಂದ ತುಂಬಿಸಿ, ಮತ್ತೆ ಓದಿ ನಿಜ ಸಾಮರ್ಥ್ಯ ಹೇಳುತ್ತದೆ. ಹೊಸ ಡ್ರೈವ್ ಕೊಂಡಾಗ ಮೊದಲ ಕೆಲಸ ಇದಾಗಬೇಕು.

ಸಂಗ್ರಹವಾಗಿ ಪೆನ್‌ಡ್ರೈವ್

ಪೆನ್‌ಡ್ರೈವ್ ಒಯ್ಯುವ ಸಾಧನ, ಕಾಪಿಡುವ ಸಾಧನವಲ್ಲ. ಫ್ಲಾಶ್ ಕೋಶದಲ್ಲಿ ಮಾಹಿತಿ ನಿಲ್ಲುವುದು ವಿದ್ಯುದಂಶದ ರೂಪದಲ್ಲಿ. ಅದು ಕಾಲಕ್ರಮದಲ್ಲಿ ಸೋರುತ್ತದೆ, ಸವೆದ ಚಿಪ್‌ನಲ್ಲಿ ಇನ್ನೂ ಬೇಗ. ಆದ್ದರಿಂದ ಮೂಲವನ್ನು ಅಳಿಸುವ ಮೊದಲು ಕನಿಷ್ಠ ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ, ಸಾಧ್ಯವಾದರೆ ಎರಡು ಊರುಗಳಲ್ಲಿ, ತಾಳೆಯಾದ ಪ್ರತಿಗಳಿರಬೇಕು. ತಾಳೆಪಟ್ಟಿಯನ್ನು ವರ್ಷಕ್ಕೊಮ್ಮೆಯಾದರೂ ಮತ್ತೆ ಓಡಿಸಬೇಕು. ಸೊರಬ-ಶಿಕಾರಿಪುರದ ಶಾಸನಗಳು ರೈಸ್ ಅವರ ಕಾಲದಲ್ಲಿ ಅಚ್ಚಾಗಿ ಹಲವು ಗ್ರಂಥಾಲಯಗಳಲ್ಲಿ ನೂರು ವರ್ಷ ಮೀರಿ ಉಳಿದಿವೆ, ಏಕೆಂದರೆ ಪ್ರತಿಗಳು ಹಲವಿದ್ದವು. ಇಂದಿನ ಡಿಜಿಟಲ್ ಚಿತ್ರಗಳಿಗೂ ಅದೇ ಭದ್ರತೆ ಬೇಕಾದರೆ, ಊರಿನ ಸ್ಟುಡಿಯೊದಲ್ಲಾಗಲಿ ಶಾಲೆಯ ಲ್ಯಾಬಿನಲ್ಲಾಗಲಿ ಫೈಲು ದಾಟಿಸುವ ಪ್ರತಿಯೊಬ್ಬರೂ ಬಾಕಿ ತೀರುವವರೆಗೆ ಕಾಯುವ ಆ ಎರಡು ನಿಮಿಷವನ್ನು ಕೆಲಸದ ಭಾಗವೆಂದೇ ಎಣಿಸಬೇಕು.